ಉಯಿಲು, ಪ್ರೊಬೇಟ್, ಪೌತಿ ಖಾತೆ: ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಕಿವಿಗೆ ಬೀಳುವ ಪದಗಳು

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮೂರನೇ ದಿನ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು ಇಳಿಸಿದೆವು. ಹಳೇ ಪಂಚೆಯಲ್ಲಿ ಸುತ್ತಿಟ್ಟ ಕಾಗದಗಳ ಕಟ್ಟು ಸಿಕ್ಕಿತು. ಮೇಲೇ ಇದ್ದದ್ದು ಅಪ್ಪ ಕೊಂಡ ಎರಡು ಎಕರೆಯ ಕ್ರಯಪತ್ರ. "ಸದರಿ ಷೆಡ್ಯೂಲು ಸ್ವತ್ತನ್ನು ಈ ದಿವಸ ನಿಮಗೆ ಶುದ್ಧ ಕ್ರಯಕ್ಕೆ ಕೊಟ್ಟು ಸ್ವಾಧೀನಪಡಿಸಿರುತ್ತೇನೆ" ಅಂತ ಶುರುವಾಗಿ, ಚಕ್ಕುಬಂದಿ ಹೇಳಿ, ಕೊನೆಗೆ "ಬಿಕ್ಕಲಂ" ಅಂತ ಬರೆದು ಒಂದು ಸಹಿ. ತಮ್ಮ ಕೇಳಿದ, "ಬಿಕ್ಕಲಂ ಅಂದ್ರೆ ಯಾರು? ಅವನಿಗೂ ಪಾಲಿದೆಯಾ?" ನನಗೂ ಗೊತ್ತಿರಲಿಲ್ಲ. ಬಿಕ್ಕಲಂ ಅಂದರೆ ಪತ್ರವನ್ನು ಕೈಯಲ್ಲಿ ಬರೆದ ಬರಹಗಾರ ಅಷ್ಟೇ, ಆಸ್ತಿ ಮಾರಿದವನಲ್ಲ. ಚಕ್ಕುಬಂದಿ ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ.

ಆಮೇಲಿನ ತಿಂಗಳುಗಳಲ್ಲಿ ಹೋದಲ್ಲೆಲ್ಲ ಒಂದೊಂದು ಹೊಸ ಪದ. ಬ್ಯಾಂಕಿನವರು ಸಕ್ಸೆಷನ್ ಸರ್ಟಿಫಿಕೇಟ್ ಅಂದರು. ನಾಡಕಚೇರಿಯಲ್ಲಿ ವಂಶವೃಕ್ಷ ಅಂದರು. ಊರಲ್ಲಿ ಪೌತಿ ಖಾತೆ ಅಂದರು. ಬೆಂಗಳೂರಿನ ಮಾವ ಮಾತ್ರ ಫೋನ್ ಮಾಡಿದಾಗಲೆಲ್ಲ "ಪ್ರೊಬೇಟ್ ಮಾಡಿಸಿ" ಅನ್ನುತ್ತಿದ್ದರು. ಎಲ್ಲರೂ ಒಂದೇ ಕಾಗದವನ್ನು ಬೇರೆ ಬೇರೆ ಹೆಸರಲ್ಲಿ ಕೇಳುತ್ತಿದ್ದಾರೆ ಅಂತ ಅಂದುಕೊಂಡಿದ್ದೆ. ಹಾಗಲ್ಲ. ಯಾವ ಕಾಗದ ಕೈಗೆ ಬಂದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಆಸ್ತಿ ಯಾರದು ಅಂತ ಹೇಳುತ್ತಾ, ಇಲ್ಲಾ ದಾಖಲೆಯಲ್ಲಿ ಯಾರ ಹೆಸರಿದೆ, ದುಡ್ಡು ಯಾರ ಕೈಗೆ ಕೊಡಬೇಕು ಅಂತ ಮಾತ್ರ ಹೇಳುತ್ತಾ? ನಮ್ಮ ಕಡೆಯ ಅಣ್ಣತಮ್ಮಂದಿರ ಜಗಳದಲ್ಲಿ ಅರ್ಧ ಹುಟ್ಟೋದು ಈ ಎರಡನ್ನು ಒಂದೇ ಅಂದುಕೊಂಡಾಗ.

ಇಲ್ಲಿ ಹೇಳುವುದು ಹೆಚ್ಚಾಗಿ ಕರ್ನಾಟಕದ ಹಿಂದೂ ಕುಟುಂಬಗಳಿಗೆ ಅನ್ವಯಿಸುತ್ತದೆ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಬೇರೆ ಆಗುವ ಮುಖ್ಯ ಕಡೆಗಳಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲ ಹೆಜ್ಜೆ: ಮರಣ ಪ್ರಮಾಣಪತ್ರ

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಕರ್ನಾಟಕದಲ್ಲಿ ಇ-ಜನ್ಮ ವ್ಯವಸ್ಥೆಯಲ್ಲಿ ಆಗುತ್ತದೆ. ತಡವಾದರೂ ಆಗುತ್ತದೆ, ಓಡಾಟ ಜಾಸ್ತಿ. ಇಲ್ಲಿ ಗಮನ ಇಡಬೇಕಾದದ್ದು ಹೆಸರಿನ ಮೇಲೆ. ಆಧಾರ್‌ನಲ್ಲಿ ಒಂದು, ಜಮೀನಿನ ಕಂದಾಯ ದಾಖಲೆಯಾದ ಪಹಣಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದುಮುಂದು. ಅರ್ಜಿ ಹಾಕುವ ಮುಂಚೆಯೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾವು ನೋಡಲಿಲ್ಲ. ಒಂದು "ಪ್ಪ" ಬಿಟ್ಟುಹೋದದ್ದಕ್ಕೆ ಎರಡು ಅಫಿಡವಿಟ್ ಮಾಡಿಸಿದೆವು.

ಎರಡನೇ ಹೆಜ್ಜೆ: ಎಸ್ಟೇಟಿನ ಪಟ್ಟಿ

ಎಸ್ಟೇಟ್ ಅಂದ ತಕ್ಷಣ ನಮಗೆ ಚಿಕ್ಕಮಗಳೂರಿನ ಕಾಫಿ ತೋಟ ನೆನಪಾಗುತ್ತದೆ. ಕಾನೂನಿನಲ್ಲಿ ಎಸ್ಟೇಟ್ ಅಂದರೆ ತೀರಿಕೊಂಡವರು ಬಿಟ್ಟುಹೋದ ಎಲ್ಲವೂ. ಜಮೀನು, ಸೈಟು, ಎಫ್‌ಡಿ, ಒಡವೆ, ಸ್ಕೂಟರು, ಕೊನೆಗೆ ಸಾಲ ಕೂಡ. ಸಾಲದ ಮಾತು ಬಂದಾಗ ಜನ ಹೆದರುತ್ತಾರೆ. ವಾರಸುದಾರರ ಹೊಣೆ ಅವರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಅಪ್ಪನ ಸಾಲಕ್ಕೆ ನೀವೇ ಜಾಮೀನು ಹಾಕಿದ್ದರೆ ಅದು ಬೇರೆ ಮಾತು. ಇನ್ನೊಂದು ಹೆದರಿಕೆ ತೆರಿಗೆಯದು. ಸತ್ತವರ ಆಸ್ತಿ ಮೇಲೆ ಹಾಕುತ್ತಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು.

ಪಟ್ಟಿ ಮಾಡುವಾಗ ಪ್ರತಿ ಆಸ್ತಿಯ ಮುಂದೆ ಒಂದು ಪದ ಬರೆಯಿರಿ: ಸ್ವಯಾರ್ಜಿತ ಅಥವಾ ಪಿತ್ರಾರ್ಜಿತ. ತಾನೇ ದುಡಿದು ಕೊಂಡದ್ದು ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಅವಿಭಕ್ತ ಕುಟುಂಬದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿರುವುದು ಪಿತ್ರಾರ್ಜಿತ. ಅದರಲ್ಲಿ ಒಬ್ಬರು ಉಯಿಲು ಬರೆಯಬಹುದಾದ್ದು ತಮ್ಮ ಪಾಲಿಗೆ ಮಾತ್ರ.

ಒಂದು ತಪ್ಪು ಕಲ್ಪನೆ ಎಲ್ಲ ಕಡೆ ಇದೆ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಮಗನಿಗೆ ಬಂದರೆ ಅದು ಆ ಮಗನ ಸ್ವಂತದ್ದು. ಸುಪ್ರೀಂ ಕೋರ್ಟ್ ಇದನ್ನು 1986ರಲ್ಲೇ ಹೇಳಿದೆ. ಮೊಮ್ಮಗ "ತಾತನ ಆಸ್ತಿ, ನನಗೂ ಹಕ್ಕಿದೆ" ಅಂತ ಕೂಗಾಡುವ ಮುಂಚೆ ತಾತನಿಗೆ ಅದು ಹೇಗೆ ಬಂತು ಅಂತ ನೋಡಬೇಕು.

ಮೂರನೇ ಹೆಜ್ಜೆ: ಉಯಿಲು ಇದೆಯಾ ಅಂತ ಹುಡುಕಿ

ಉಯಿಲು, ವಿಲ್ಲು, ಮರಣಶಾಸನ ಮೂರೂ ಒಂದೇ. ಬರೆದವರು ಬದುಕಿರುವವರೆಗೆ ಅದಕ್ಕೆ ಬೆಲೆ ಇಲ್ಲ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಕೊನೆಯದಾಗಿ ಬರೆದದ್ದು ನಿಲ್ಲುತ್ತದೆ. ಹಳೆಯದು ನೋಂದಣಿ ಆಗಿದ್ದು ಹೊಸದು ಬರೀ ಬಿಳಿ ಹಾಳೆಯಲ್ಲಿದ್ದರೂ, ಸರಿಯಾಗಿ ಬರೆದಿದ್ದರೆ ಹೊಸದೇ ಗಟ್ಟಿ. ಇದ್ದ ಉಯಿಲಿಗೆ ಸಣ್ಣ ತಿದ್ದುಪಡಿ ಸೇರಿಸುವ ಪತ್ರಕ್ಕೆ ಕೋಡಿಸಿಲ್ ಅನ್ನುತ್ತಾರೆ. ಅದಕ್ಕೂ ಉಯಿಲಿನಷ್ಟೇ ಕಟ್ಟುನಿಟ್ಟು.

ಉಯಿಲಿಗೆ ಸ್ಟಾಂಪ್ ಪೇಪರ್ ಬೇಡ. ನೋಂದಣಿ ಕಡ್ಡಾಯ ಅಲ್ಲ. ಕಡ್ಡಾಯವಾದದ್ದು ಬರೆದವರ ಸಹಿ ಅಥವಾ ಹೆಬ್ಬೆಟ್ಟು ಮತ್ತು ಇಬ್ಬರು ಸಾಕ್ಷಿಗಳ ಸಹಿ. ಈ ಸಾಕ್ಷಿ ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು.

ನಮ್ಮ ದೊಡ್ಡಮ್ಮ ಟೀಚರ್ ಆಗಿದ್ದವರು. ಗಂಡ ಹೋಗಿದ್ದರು, ಮಕ್ಕಳಿರಲಿಲ್ಲ. ಉಯಿಲು ಬರೆಯದೆ ಹೋಗಿದ್ದರೆ ಅವರ ಸ್ವಂತ ಸಂಪಾದನೆ ಕೂಡ ಅವರನ್ನು ನೋಡಿಕೊಂಡ ತಂಗಿಯ ಮಗಳಿಗೆ ಹೋಗುತ್ತಿರಲಿಲ್ಲ, ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಹಾಗೆ ಹೇಳುತ್ತದೆ. ಹುಟ್ಟಿದ ಮನೆಯಿಂದ, ಅಂದರೆ ಅಪ್ಪ ಅಮ್ಮನಿಂದ ಬಂದ ಆಸ್ತಿ ಮಾತ್ರ ಅಪ್ಪನ ವಾರಸುದಾರರಿಗೆ ವಾಪಸ್. ಈ ಕಲಂ ನ್ಯಾಯ ಅಂತ ನನಗೆ ಯಾವತ್ತೂ ಅನಿಸಿಲ್ಲ, ಆದರೆ ಇರುವುದು ಹಾಗೆ. ದೊಡ್ಡಮ್ಮನಿಗೆ ಇದು ಗೊತ್ತಿತ್ತು. ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ ತಮ್ಮದೇ ದುಂಡು ಅಕ್ಷರದಲ್ಲಿ ಬರೆದಿದ್ದರು. ಪ್ರತಿ ಹಾಳೆಯ ಕೆಳಗೆ ಸಹಿ, ತಾರೀಖು. ಸಾಕ್ಷಿ ಹಾಕಿದವರು ಪಕ್ಕದ ಮನೆಯ ಇಬ್ಬರು ಹಿರಿಯರು, ಇಬ್ಬರೂ ಎಪ್ಪತ್ತು ದಾಟಿದವರು. ದೊಡ್ಡಮ್ಮ ಹೋಗುವ ಹೊತ್ತಿಗೆ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರಿಗೆ ಮರೆವು.

ಇದು ಯಾಕೆ ಮುಖ್ಯ ಅಂದರೆ, ಉಯಿಲನ್ನು ಕೋರ್ಟಿನಲ್ಲಿ ಸಾಬೀತು ಮಾಡುವಾಗ ಬದುಕಿರುವ ಸಾಕ್ಷಿ ಒಬ್ಬರಾದರೂ ಬಂದು "ಹೌದು, ನನ್ನೆದುರು ಸಹಿ ಹಾಕಿದರು" ಅಂತ ಹೇಳಬೇಕು. ನೋಂದಣಿ ಆದ ಉಯಿಲಿಗೂ ಇದರಿಂದ ವಿನಾಯಿತಿ ಇಲ್ಲ. ಸಾಕ್ಷಿಗಳು ಇಲ್ಲದಿದ್ದರೆ ಅವರ ಕೈಬರಹ, ಸಹಿ ಗುರುತಿಸುವವರನ್ನು ಕರೆದು ಸಾಬೀತು ಮಾಡಬಹುದು, ಆದರೆ ಸುತ್ತು ದಾರಿ. ಆದ್ದರಿಂದ ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ. ಆಸ್ತಿ ಪಡೆಯುವವರು, ಅವರ ಗಂಡ ಹೆಂಡತಿ ಸಾಕ್ಷಿ ಹಾಕುವುದು ಬೇಡ.

ಆಸ್ತಿ ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮೈಸೂರಿನಿಂದಲೇ ಹೋದ ಕೇಸು ಇದೆ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. ಸುಪ್ರೀಂ ಕೋರ್ಟ್ 1958ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಉಯಿಲನ್ನು ಕೋರ್ಟಿಗೆ ತಂದು ಇದು ನಿಜ ಅನ್ನುವವರೇ ಅದನ್ನು ಬರೆಸುವುದರಲ್ಲಿ ಮುಂದಾಳು ಆಗಿದ್ದು, ಅದರಿಂದ ಅವರಿಗೇ ದೊಡ್ಡ ಲಾಭ ಇದ್ದರೆ ಅದು "ಸಂಶಯಾಸ್ಪದ ಸನ್ನಿವೇಶ". ಆ ಸಂಶಯ ಕಳೆಯುವ ಹೊರೆ ಅವರದೇ. ಇವತ್ತಿಗೂ ಉಯಿಲಿನ ಜಗಳದಲ್ಲಿ ವಕೀಲರು ಮೊದಲು ತೆಗೆಯುವುದು ಈ ತೀರ್ಪನ್ನೇ.

ಉಯಿಲಿನಲ್ಲಿ ಕಾಣುವ ಇನ್ನೊಂದು ಪದ ಎಕ್ಸಿಕ್ಯೂಟರ್, ಕನ್ನಡದಲ್ಲಿ ನಿರ್ವಾಹಕ. ಉಯಿಲಿನಲ್ಲಿ ಹೇಳಿದ್ದನ್ನು ಮಾಡಿ ಮುಗಿಸುವ ಕೆಲಸ ಇವರದು. ಕೆಲಸ ಸಿಕ್ಕಿತು ಅಂತ ಆಸ್ತಿ ಸಿಕ್ಕಿದ ಹಾಗಲ್ಲ. ಆಸ್ತಿ ಪಡೆಯುವವರು ಬೆನಿಫಿಷಿಯರಿ, ಅಂದರೆ ಫಲಾನುಭವಿ. ಒಬ್ಬರೇ ಎರಡೂ ಆಗಿರಬಹುದು.

ಮುಸ್ಲಿಮರಲ್ಲಿ ಉಯಿಲು ಮೂರನೇ ಒಂದು ಭಾಗಕ್ಕೆ ಮಾತ್ರ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಕೊಡಬೇಕಾದರೆ ಸತ್ತ ಮೇಲೆ ಉಳಿದ ವಾರಸುದಾರರ ಒಪ್ಪಿಗೆ ಬೇಕು.

ನಾಲ್ಕನೇ ಹೆಜ್ಜೆ: ಉಯಿಲು ಇಲ್ಲದಿದ್ದರೆ ವಾರಸುದಾರರು ಯಾರು

ನಮ್ಮಪ್ಪ ಉಯಿಲು ಬರೆದಿರಲಿಲ್ಲ. ಅವರ ಎರಡು ಎಕರೆ ಸ್ವಯಾರ್ಜಿತ. ನಾವು ಮೂವರು ಮಕ್ಕಳು, ಅಮ್ಮ. ನಾಲ್ಕು ಪಾಲು ಅಂತ ಅಂದುಕೊಂಡಿದ್ದೆವು. ವಕೀಲರು ಕೇಳಿದರು, "ನಿಮ್ಮ ಅಜ್ಜಿ ಇದ್ದಾರಾ?" ಇದ್ದರು, ಜಗಲಿ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. ಹಾಗಾದರೆ ಐದು ಪಾಲು! ಗಂಡಸು ಉಯಿಲು ಇಲ್ಲದೆ ಹೋದರೆ ಒಂದನೇ ದರ್ಜೆಯ ವಾರಸುದಾರರು ಹೆಂಡತಿ, ಮಕ್ಕಳು, ತಾಯಿ, ಮೊದಲೇ ತೀರಿಕೊಂಡ ಮಗ ಅಥವಾ ಮಗಳ ಮಕ್ಕಳು, ಹೀಗೆ. ತಾಯಿ ಒಂದನೇ ದರ್ಜೆ, ತಂದೆ ಎರಡನೇ ದರ್ಜೆ. ಬಹಳ ಜನ ತಾಯಿಯನ್ನು ಮರೆತೇ ಖಾತೆ ಮಾಡಿಸಿಕೊಳ್ಳುತ್ತಾರೆ.

ಹೆಣ್ಣುಮಕ್ಕಳ ವಿಷಯ. ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ 1956ರಿಂದಲೇ ಸಮಪಾಲು. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲಿ ಹಕ್ಕು ಕೊಟ್ಟಿತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಬಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತ ಇಲ್ಲ ಅಂತ ವಿನೀತಾ ಶರ್ಮಾ ಕೇಸಿನಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ಪಾಲುಗಳನ್ನು, ಆಗಲೇ ಆಗಿಹೋದ ಮಾರಾಟಗಳನ್ನು ಮುಟ್ಟುವಂತಿಲ್ಲ. "ಮದುವೆಗೆ ಇಷ್ಟು ಖರ್ಚು ಮಾಡಿದ್ದೇವಲ್ಲ" ಅನ್ನುವುದು ಮನೆಯ ಮಾತು. ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ.

ವಾರಸುದಾರರ ಪಟ್ಟಿ ತೋರಿಸುವ ಕಾಗದವೇ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡುತ್ತಾರೆ. ಇದು ಕುಟುಂಬದಲ್ಲಿ ಯಾರ್‍ಯಾರಿದ್ದಾರೆ ಅಂತ ಹೇಳುತ್ತದೆ ಅಷ್ಟೇ, ಆಸ್ತಿಯ ಹಕ್ಕು ಕೊಡುವುದಿಲ್ಲ. ಅಕ್ಕನ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿದರೆ ಅಕ್ಕನ ಪಾಲು ಹೋಗುವುದಿಲ್ಲ. ಸುಳ್ಳು ಹೇಳಿದ್ದಕ್ಕೆ ಕೇಸು ಬೀಳಬಹುದು.

ಐದನೇ ಹೆಜ್ಜೆ: ಬ್ಯಾಂಕು ಮತ್ತು ನಾಮಿನಿ

ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕು ದುಡ್ಡು ಯಾರ ಕೈಗೆ ಕೊಟ್ಟರೆ ತನ್ನ ಜವಾಬ್ದಾರಿ ಮುಗಿಯುತ್ತದೋ ಅವರು ನಾಮಿನಿ. ಅವರು ಅದನ್ನು ವಾರಸುದಾರರಿಗೆ, ಇಲ್ಲವೇ ಉಯಿಲಿನಲ್ಲಿ ಹೇಳಿದವರಿಗೆ ಹಂಚಬೇಕು. 1983ರ ಸರ್ಬತಿ ದೇವಿ ಕೇಸಿನಲ್ಲಿ ವಿಮೆ ಹಣದ ಬಗ್ಗೆ, 2023ರಲ್ಲಿ ಷೇರುಗಳ ಬಗ್ಗೆ ಸುಪ್ರೀಂ ಕೋರ್ಟ್ ಇದೇ ಧಾಟಿಯಲ್ಲಿ ಹೇಳಿತು. ವಿಮೆಯಲ್ಲಿ ಮಾತ್ರ 2015ರಲ್ಲಿ ಬದಲಾವಣೆ ಬಂತು: ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣ ಅವರದೇ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು.

ನಾಮಿನಿ ಇಲ್ಲದಿದ್ದರೆ ಎಲ್ಲದಕ್ಕೂ ಕೋರ್ಟ್ ಪತ್ರ ಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದ ಪ್ರಕಾರ, ಜಗಳ ಇಲ್ಲದಿದ್ದರೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿವರೆಗೆ ಸರಳ ಕ್ರಮದಲ್ಲೇ ಕೊಡಬೇಕು. ಇದಕ್ಕೆ ಇಂಡೆಮ್ನಿಟಿ ಬಾಂಡ್ ಕೇಳುತ್ತಾರೆ: ಮುಂದೆ ಬೇರೆ ಯಾರಾದರೂ ಬಂದರೆ ನಾವೇ ತುಂಬಿಕೊಡುತ್ತೇವೆ ಅನ್ನುವ ಮುಚ್ಚಳಿಕೆ. ಅಪ್ಪನ ಎಟಿಎಂ ಕಾರ್ಡಿನಲ್ಲಿ ಸುಮ್ನೆ ದುಡ್ಡು ತೆಗೆಯಬೇಡಿ. ಅಪ್ಪ ಕೊಟ್ಟಿದ್ದ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ, ಇಟ್ಟುಕೊಂಡು ವ್ಯವಹಾರವನ್ನೂ ಮಾಡಬೇಡಿ, ಕೊಟ್ಟವರು ಸತ್ತ ಕ್ಷಣವೇ ಜಿಪಿಎ ಕೂಡ ಸತ್ತಂತೆ.

ಆರನೇ ಹೆಜ್ಜೆ: ಕೋರ್ಟಿನ ಮೂರು ಪತ್ರಗಳು

ಇವು ಮೂರೂ 1925ರ ಕಾಯ್ದೆಯಲ್ಲಿವೆ, ಮೂರರ ಕೆಲಸ ಬೇರೆ.

ಪ್ರೊಬೇಟ್ ಅಂದರೆ ಇದು ಇಂಥವರ ಕೊನೆಯ ಉಯಿಲು ಹೌದು ಅಂತ ಕೋರ್ಟು ಮೊಹರು ಹಾಕಿ ಕೊಡುವ ಪ್ರತಿ. ಉಯಿಲು ಇರಲೇಬೇಕು, ಅದರಲ್ಲಿ ನಿರ್ವಾಹಕರ ಹೆಸರಿರಬೇಕು. ಪ್ರೊಬೇಟ್ ಸಿಗುವುದು ಆ ನಿರ್ವಾಹಕರಿಗೆ ಮಾತ್ರ. ಒಂದು ವಿಷಯ ನೆನಪಿಡಿ: ಈ ಕೋರ್ಟು ನೋಡುವುದು ಉಯಿಲು ನಿಜವಾ ಅಂತ. ಆಸ್ತಿ ಬರೆದವರದೇ ಆಗಿತ್ತಾ ಅನ್ನುವುದು ಬೇರೆ ದಾವೆ.

ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಅಂದರೆ ಆಡಳಿತಾಧಿಕಾರ ಪತ್ರ. ಉಯಿಲು ಇದ್ದು ನಿರ್ವಾಹಕರ ಹೆಸರಿಲ್ಲದಾಗ, ಅವರು ತೀರಿಕೊಂಡಾಗ, ಅಥವಾ ಉಯಿಲೇ ಇಲ್ಲದಾಗ ಎಸ್ಟೇಟ್ ನೋಡಿಕೊಳ್ಳಲು ಕೊಡುವುದು.

ಸಕ್ಸೆಷನ್ ಸರ್ಟಿಫಿಕೇಟ್, ಉತ್ತರಾಧಿಕಾರ ಪ್ರಮಾಣಪತ್ರ, ತೀರಿಕೊಂಡವರಿಗೆ ಬರಬೇಕಾದ ಹಣ, ಠೇವಣಿ, ಷೇರುಗಳಿಗೆ. ಜಮೀನು, ಮನೆಗೆ ಅಲ್ಲ. ಸೈಟಿನ ಖಾತೆಗೆ ಇದನ್ನು ತನ್ನಿ ಅಂತ ಯಾರಾದರೂ ಹೇಳಿದರೆ ಯಾವ ಕಲಂ ಅಂತ ಮರ್ಯಾದೆಯಿಂದ ಕೇಳಿ.

ಅರ್ಜಿ ಹಾಕಿದ ಮೇಲೆ ಬಂಧುಗಳಿಗೆ ನೋಟಿಸು, ಪತ್ರಿಕೆಯಲ್ಲಿ ಪ್ರಕಟಣೆ. ಯಾರಾದರೂ "ನನ್ನನ್ನು ಕೇಳದೆ ಪ್ರೊಬೇಟ್ ಕೊಡಬೇಡಿ" ಅಂತ ಮೊದಲೇ ಅರ್ಜಿ ಹಾಕಿದರೆ ಅದು ಕೇವಿಯಟ್. ತಕರಾರು ಎದ್ದರೆ ಅರ್ಜಿ ದಾವೆಯ ರೂಪ ತಾಳುತ್ತದೆ, ವರ್ಷಗಟ್ಟಲೆ ನಡೆಯುತ್ತದೆ.

ಹಾಗಾದರೆ ಮಾವ ಯಾಕೆ ಪ್ರೊಬೇಟ್ ಪ್ರೊಬೇಟ್ ಅನ್ನುತ್ತಿದ್ದರು? ಅವರು ಮೂವತ್ತು ವರ್ಷ ಮುಂಬೈಯಲ್ಲಿ ಇದ್ದವರು. ಬ್ರಿಟಿಷರ ಕಾಲದಿಂದ ಕಲ್ಕತ್ತ, ಮದ್ರಾಸ್, ಬಾಂಬೆ ವ್ಯಾಪ್ತಿಯ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಇತ್ತು. ಮೈಸೂರು ಸಂಸ್ಥಾನ ಆ ಲೆಕ್ಕದಲ್ಲಿ ಇರಲಿಲ್ಲ, ಹಾಗಾಗಿ ನಮ್ಮಲ್ಲಿ ಆ ಕಡ್ಡಾಯ ಬರಲೇ ಇಲ್ಲ. ಕಡ್ಡಾಯ ಮಾಡಿದ್ದ 213ನೇ ಕಲಮನ್ನೇ ಸಂಸತ್ತು 2025ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಈಗ ಮುಂಬೈ ಫ್ಲಾಟಿಗೂ ಅದು ಕಡ್ಡಾಯ ಅಲ್ಲ. ಜಗಳ ಬರುವ ಲಕ್ಷಣ ಇದ್ದರೆ ಮಾಡಿಸಿಕೊಳ್ಳುವುದು ಒಳ್ಳೆಯದು, ಅದು ಬೇರೆ. ಇಷ್ಟಕ್ಕೂ ನಮ್ಮಪ್ಪ ಉಯಿಲೇ ಬರೆದಿರಲಿಲ್ಲ, ಪ್ರೊಬೇಟ್ ಯಾವುದಕ್ಕೆ?

ಏಳನೇ ಹೆಜ್ಜೆ: ಖಾತೆ ಬದಲಾವಣೆ

ಪೌತಿ ಅಂದರೆ ಸಾವು. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಕಂದಾಯ ದಾಖಲೆ ಬದಲಾಯಿಸುವುದು ಪೌತಿ ಖಾತೆ, ಉತ್ತರ ಕರ್ನಾಟಕದಲ್ಲಿ ವಾರಸಾ ಅನ್ನುತ್ತಾರೆ. ನಾವು ಪಹಣಿ ಅಂದರೆ ಅವರು ಉತಾರ ಅನ್ನುತ್ತಾರೆ. ಬದಲಾವಣೆಯ ಪ್ರಕ್ರಿಯೆಗೆ ಮ್ಯುಟೇಷನ್, ಅದರ ನಂಬರಿಗೆ ಎಂಆರ್ ನಂಬರ್.

ಪಹಣಿಯನ್ನು ಕೈಯಲ್ಲಿ ಹಿಡಿದು ನೋಡಿ. 9ನೇ ಕಾಲಂನಲ್ಲಿ ಹೆಸರು ಮತ್ತು ವಿಸ್ತೀರ್ಣ. 10ರಲ್ಲಿ ಅದು ಹೇಗೆ ಬಂತು, ಅಂದರೆ ಕ್ರಯವಾ, ಪೌತಿಯಾ, ವಿಭಾಗವಾ ಅನ್ನುವುದು ಎಂಆರ್ ನಂಬರ್ ಜೊತೆ. 11ರಲ್ಲಿ ಇತರೆ ಹಕ್ಕು ಮತ್ತು ಋಣ, ಅಂದರೆ ಬ್ಯಾಂಕಿನ ಸಾಲ ಇದ್ದರೆ ಇಲ್ಲಿ ಕಾಣುತ್ತದೆ. ಎಲ್ಲರೂ 9 ನೋಡಿ ಸುಮ್ಮನಾಗುತ್ತಾರೆ. ಕಥೆ ಇರುವುದು 10ರಲ್ಲಿ.

ಹಳ್ಳಿಗಳಲ್ಲಿ ಹಿರಿಮಗನ ಒಬ್ಬನ ಹೆಸರಿಗೆ ಖಾತೆ ಮಾಡಿಸುವ ರೂಢಿ ಇದೆ. ಅದರಿಂದ ಅವನು ಒಡೆಯನಾಗುವುದಿಲ್ಲ. ಮ್ಯುಟೇಷನ್ ಕಂದಾಯ ಯಾರು ಕಟ್ಟಬೇಕು ಅಂತ ತೀರ್ಮಾನಿಸಲು ಇರುವುದು, ಮಾಲೀಕತ್ವ ಕೊಡಲು ಅಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಊರಿನ ಸೈಟಿನ ಖಾತಾಕ್ಕೂ ಇದೇ ಮಾತು. ಎಲ್ಲರ ಹೆಸರೂ ಇರುವ ಜಂಟಿ ಖಾತೆ ಮಾಡಿಸಿ. ಸಾಲ ತೆಗೆಯಲು ಎಲ್ಲರ ಸಹಿ ಬೇಕು ಅನ್ನುವ ಕಿರಿಕಿರಿ ಇದೆ, ನಿಜ. ಇಪ್ಪತ್ತು ವರ್ಷದ ದಾವೆಗಿಂತ ಅದು ವಾಸಿ.

ಎಂಟನೇ ಹೆಜ್ಜೆ: ಪಾಲು

ವಿಭಾಗ ಪತ್ರ ಅಥವಾ ಪಾಲುಪಾರಿಕತ್ತು ಅಂದರೆ ಜಂಟಿ ಆಸ್ತಿಯನ್ನು ಒಬ್ಬೊಬ್ಬರ ಭಾಗವಾಗಿ ಬಿಡಿಸಿ ಬರೆಯುವುದು. ಸ್ಥಿರಾಸ್ತಿ ಹಂಚುವ ಪತ್ರ ನೋಂದಣಿ ಆಗಲೇಬೇಕು. ಪಂಚರ ಮುಂದೆ ಬರೆದಿಟ್ಟ ಪಾಲುಪಟ್ಟಿ ಎಷ್ಟೇ ಸಹಿ ಇದ್ದರೂ ಕೋರ್ಟಿನಲ್ಲಿ ಎಡವಬಹುದು. ಬಾಯಿಮಾತಿನ ಪಾಲು ಆಗಿಹೋಗಿದೆ ಅನ್ನುವ ವಾದವನ್ನು ಸುಲಭಕ್ಕೆ ಒಪ್ಪಬಾರದು ಅಂತ ವಿನೀತಾ ಶರ್ಮಾ ತೀರ್ಪಿನಲ್ಲೂ ಇದೆ. ಜಮೀನಾದರೆ ಮೊದಲು 11ಇ ನಕ್ಷೆ, ಅಂದರೆ ಹಂಚುವ ಭಾಗಗಳನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಆಮೇಲೆ ನೋಂದಣಿ. ಒಂದೇ ಸರ್ವೆ ನಂಬರನ್ನು ಅಳೆದು ಬೇರೆ ಬೇರೆ ಹಿಸ್ಸಾ ಮಾಡುವುದಕ್ಕೆ ಪೋಡಿ ಅನ್ನುತ್ತಾರೆ.

ಹಕ್ಕು ಬಿಡುಗಡೆ ಪತ್ರ ಅಂದರೆ ಪಾಲುದಾರರೊಬ್ಬರು ತಮ್ಮ ಪಾಲನ್ನು ಇನ್ನೊಬ್ಬ ಪಾಲುದಾರರಿಗೆ ಬಿಟ್ಟುಕೊಡುವುದು. ಹೆಣ್ಣುಮಕ್ಕಳ ಹತ್ತಿರ ಹಬ್ಬಕ್ಕೆ ಬಂದಾಗ "ಖಾತೆಗೆ ಒಂದು ಸಹಿ" ಅಂತ ಹಾಕಿಸಿಕೊಳ್ಳುವುದು ಎಷ್ಟೋ ಸಲ ಇದೇ. ಯಾವ ಪತ್ರ ಅಂತ ತಲೆಬರಹ ಓದದೆ ಸಹಿ ಹಾಕಬೇಡಿ. ವಾರಸುದಾರರಲ್ಲಿ ಮೈನರ್ ಇದ್ದು, ಅವರ ಪಾಲಿಗೆ ಬಂದ ಸ್ವಂತ ಸ್ಥಿರಾಸ್ತಿಯನ್ನು ಮಾರಬೇಕಾದರೆ ತಾಯಿಯ ಸಹಿ ಸಾಲದು, ಕೋರ್ಟಿನ ಅನುಮತಿ ಬೇಕು.

ವಿದೇಶದಲ್ಲಿರುವವರು ಸಹಿಗೆಂದೇ ವಿಮಾನ ಹತ್ತಬೇಕಾಗಿಲ್ಲ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬಹುದು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪು ಮಾಡಿಸಬೇಕು. ಅನಿವಾಸಿಗಳು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸಿನಲ್ಲಿ ಬಂದರೆ ಇಟ್ಟುಕೊಳ್ಳಬಹುದು.

ನಮ್ಮ ಪಹಣಿಯ 9ನೇ ಕಾಲಂನಲ್ಲಿ ಐದು ಹೆಸರು ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಕೊನೆಯ ಹೆಸರು ಅಜ್ಜಿಯದು. ಮೊನ್ನೆ ಅಜ್ಜಿಯೂ ತೀರಿಕೊಂಡರು, ಉಯಿಲು ಇಲ್ಲ. ಅವರ ಐದನೇ ಒಂದು ಪಾಲಿಗೆ ಈಗ ಇಬ್ಬರು ಅತ್ತೆಯಂದಿರು ವಾರಸುದಾರರು, ಅಪ್ಪನ ಭಾಗಕ್ಕೆ ನಾವು ಮೂವರು ಮಕ್ಕಳು. ಸೊಸೆಯಾದ ಅಮ್ಮನಿಗೆ ಅದರಲ್ಲಿ ಪಾಲಿಲ್ಲ. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಮುಂಚೆ ಈ ಸಲ ಆಧಾರ್, ಪಹಣಿ, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಅಜ್ಜಿಯ ಹೆಸರು ಮೂರರಲ್ಲೂ ಬೇರೆ ಬೇರೆ.